ನೆಲಗಳ್ಳನ ಮೊಮ್ಮಗಳು

ಡೆರಿಗ್ರೀವ್ ಹಳ್ಳಿಯಲ್ಲಿ ಯಾರು ಸತ್ತರೂ ಮೊದಲು ಕರೆ ಹೋಗುತ್ತಿದ್ದದ್ದು ವಿನ್ನಿ ಟಾರ್ಪಿಗೆ. ಹೆಣ ತೊಳೆದು, ಗದ್ದಕ್ಕೆ ಬಟ್ಟೆ ಕಟ್ಟಿ, ಬೆರಳಿಗೆ ಜಪಮಾಲೆ ಸುತ್ತುವಷ್ಟರಲ್ಲಿ ಎಂಥವರ ಮುಖಕ್ಕೂ ನೆಮ್ಮದಿಯ ಕಳೆ ತಂದುಬಿಡುತ್ತಿದ್ದಳು. ಅಂಥವಳಿಗೆ ಊರು ಇಟ್ಟ ಹೆಸರು ‘ನೆಲಗಳ್ಳನ ಮೊಮ್ಮಗಳು’.

ಗೇಣಿ ಕಟ್ಟಲಾಗದ ಗ್ಯಾನನ್ ಮನೆಯವರನ್ನು ಜಮೀನ್ದಾರ ಬೀದಿಗೆ ತಳ್ಳಿದಾಗ, ಆ ಹೊಲವನ್ನು ಯಾರೂ ಮುಟ್ಟಬಾರದೆಂದು ಊರೆಲ್ಲ ಮಾತಾಡಿಕೊಂಡಿತ್ತು. ವಿನ್ನಿಯ ತಾತ ಮುಟ್ಟಿದ, ಗೇಣಿಗೆ ಹಿಡಿದ. ಆಮೇಲೆ ಅವನೂ ಸತ್ತ, ಜಮೀನ್ದಾರನೂ ಹೋದ, ಇಂಗ್ಲಿಷರ ಸರ್ಕಾರವೂ ಹೋಯಿತು. ಗ್ಯಾನನ್‌ಗಳಿಗೆ ಊರ ಇನ್ನೊಂದು ತುದಿಯಲ್ಲಿ ಅದಕ್ಕಿಂತ ಒಳ್ಳೆಯ ನೆಲವೇ ಸಿಕ್ಕಿತು. ಹಗೆ ಮಾತ್ರ ಉಳಿಯಿತು. ಆ ಹೆಸರಿನ ದೆಸೆಯಿಂದ ವಿನ್ನಿಗೂ ಮಾಲಕಿ ಎಂಬ ಅವಳ ಅಣ್ಣನಿಗೂ ಮದುವೆಯೇ ಕೂಡಿಬರಲಿಲ್ಲ.

ಮಾಲಕಿ ತೀರಿಕೊಂಡಾಗ ಹೆಣ ಕಾಯಲು ಊರೆಲ್ಲ ಬಂತು. ಚಹಾ ಕುಡಿದರು, ಚಿಲುಮೆ ಸೇದಿದರು, ಮಂಡಿಯೂರಿ ಜಪ ಮಾಡಿದರು. ಗುಂಡಿ ತೋಡುವ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಅಲ್ಲಿ ಸತ್ತವರ ಮನೆಯವರು ಗುದ್ದಲಿ ಹಿಡಿಯುವಂತಿಲ್ಲ. ನೆರೆಯವರೇ ಕರೆಯದೆ ಬಂದು ತೋಡಬೇಕು. ಮನೆಯವರೇ ತೋಡಿದರೆ ಅವರಿಗೆ ಹಿಂದುಮುಂದು ಯಾರೂ ಇಲ್ಲವೆಂದು ಊರಿಗೆಲ್ಲ ಸಾರಿದ ಹಾಗೆ.

ಅಣ್ಣನಿಗೆ ಆ ಅವಮಾನ ಆಗಬಾರದೆಂದು ವಿನ್ನಿ ಬಾರ್ಟ್ಲಿ ಗ್ಯಾನನ್‌ನ ಅಂಗಳಕ್ಕೆ ಹೋದಳು. ಬೀದಿಗೆ ಬಿದ್ದವನ ಮೊಮ್ಮಗ ಅವನು. ಅವನು ಹೊರಟರೆ ಎಲ್ಲರೂ ಹೊರಡುತ್ತಿದ್ದರು.

“ನಾಳೆ ಮಾಲಕಿಗೆ ಗುಂಡಿ ಆಗ್ಬೇಕು ಬಾರ್ಟ್ಲಿ.”

“ನನಗೆ ಸೊಂಟ ಹಿಡ್ಕೊಂಡಿದೆ ಕಣೇ.”

“ಬೆಳಿಗ್ಗೆ ಆಲೂಗಡ್ಡೆ ಪಾತಿ ಅಗೀತಿದ್ಯಲ್ಲ?”

“ಅದಕ್ಕೇ ಹಿಡ್ಕೊಂಡಿದ್ದು.”

“ಆ ಹೊಲ ತಗೊಂಡ್ಬಿಡಪ್ಪ, ಬರೆದುಕೊಡ್ತೀನಿ. ನಮ್ಮಣ್ಣನ್ನ ಮರ್ಯಾದೆಯಾಗಿ ಮಣ್ಣುಮಾಡಿ, ಸಾಕು.”

ಬಾರ್ಟ್ಲಿ ನಕ್ಕ. “ಆ ಜವುಗು ತಗೊಂಡು ನಾನೇನು ಬಾತುಕೋಳಿ ಸಾಕ್ಲಾ? ನಿಮ್ಮ ತಾತ ಆಸೆಪಟ್ಟು ತಗೊಂಡಿದ್ದು, ನೀವೇ ಇಟ್ಕೊಳಿ.”

ಹೊಲ ಯಾರಿಗೂ ಬೇಕಿರಲಿಲ್ಲ ಎಂಬುದು ವಿನ್ನಿಗೆ ಆಗ ಗೊತ್ತಾಯಿತು. ಹೊಲ ವಾಪಸು ಬಂದರೆ ಹಗೆ ತೀರುತ್ತದೆ. ಹಗೆ ತೀರಿದರೆ ಚಳಿಗಾಲದಲ್ಲಿ ಒಲೆ ಮುಂದೆ ಕೂತು ಆ ಜನ ಏನು ತಾನೇ ಮಾತಾಡಿಯಾರು?

ಮರುದಿನ ಅವಳೇ ತೋಡಿದಳು. ಕಲ್ಲುನೆಲ, ಸೋನೆಮಳೆ. ಹೆಣದ ಪೆಟ್ಟಿಗೆಯ ಗಾಡಿ ಬಂದಾಗಲೂ ಗುಂಡಿಯೊಳಗೇ ಇದ್ದಳು. ಗಾಡಿಯ ಹಿಂದೆ ಬಂದವರು ಟೋಪಿ ತೆಗೆದು, ಅವಳು ಮೊಣಕಾಲೂರಿ ಮೇಲೆ ಹತ್ತುವುದನ್ನು ನೋಡುತ್ತ ನಿಂತರು. ಪಾದ್ರಿಯ ಮಂತ್ರ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಅವಳ ಕೆಸರುಗೈ ಹಿಡಿದರು.

“ನಿನ್ನ ದುಃಖದಲ್ಲಿ ನಾವೂ ಇದೀವಿ, ವಿನ್ನಿ,” ಎಂದ ಬಾರ್ಟ್ಲಿ. ಅವಳು ಕೈ ಬಿಡಿಸಿಕೊಂಡು, ಮಣ್ಣೆಳೆಯಲು ಗುದ್ದಲಿ ಎತ್ತಿಕೊಂಡಳು.

ಹುಲ್ಲು ಕೊಯ್ಲಿನ ಹೊತ್ತಿಗೆ ಬಾರ್ಟ್ಲಿಯ ತಾಯಿ ಸತ್ತಳು. ಅವನ ಹೆಂಡತಿ ಸಬೈನಾ ಓಡಿಬಂದಳು. “ಅತ್ತೆ ಹೋಗ್ಬಿಟ್ರು ವಿನ್ನಿ. ಬಾ, ನೀನಿಲ್ದೆ ಆಗಲ್ಲ.”

“ಬರಲ್ಲ,” ಎಂದು ವಿನ್ನಿ ಬಾಗಿಲು ಹಾಕಿಕೊಂಡಳು.

ಈಗ ಅವಳೂ ಇಲ್ಲ. ಗ್ಯಾನನ್ ಮುದುಕಿಯ ಹೆಣ ಮುಟ್ಟಲು ಬಾರದೆ ಹೋದವಳು ಎಂದೇ ಡೆರಿಗ್ರೀವ್ ಅವಳನ್ನು ನೆನೆಯುತ್ತದೆ. ತಾತನ ರಕ್ತ ಎಲ್ಲಿಗೆ ಹೋಗುತ್ತೆ, ಎನ್ನುತ್ತದೆ. ಮಾಲಕಿಯ ಗುಂಡಿ ತೋಡಿದ್ದು ಯಾರೆಂದು ಕೇಳಿ ನೋಡಿ.

“ನಾವೇ. ಇನ್ಯಾರು ತೋಡ್ತಾರೆ?”