ಸ್ಕೇಲು ಹಿಡಿದು ಕೋಡು ಕಲಿಸಿದ ಮೆಹರುನ್ನಿಸಾ ಟೀಚರ್

ಕಂಪ್ಯೂಟರಿನ ಪರದೆಗೆ ಮರದ ಸ್ಕೇಲು ಹಚ್ಚಿ ಅಳತೆ ಮಾಡುವವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ. ಅವರು ಮೆಹರುನ್ನಿಸಾ ಟೀಚರ್. ಹಾನಗಲ್ಲಿನ ಹೆಣ್ಣುಮಕ್ಕಳಿಗೆ ವರ್ಷಗಟ್ಟಲೆ ಗಣಿತ ಕಲಿಸಿ ನಿವೃತ್ತರಾದ ಮೇಲೂ ಆ ಅಂಚು ಸವೆದ ಸ್ಕೇಲು ಅವರ ಚೀಲದಲ್ಲೇ ಇರುತ್ತಿತ್ತು. ನಾನು ಬರೆದ ಕೋಡು ಓಡದೆ ನಿಂತಾಗ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಸ್ಕೇಲನ್ನು ಪರದೆಯ ಮೇಲೆ ನೆಟ್ಟಗೆ ಇಡುತ್ತಿದ್ದರು.

"ನೋಡ್ ಸುನಂದಾ, ಮ್ಯಾಲಿನ ಸಾಲು ಎಲ್ಲಿಂದ ಚಾಲೂ ಆಗೈತಿ, ಕೆಳಗಿಂದು ಎಲ್ಲಿಂದ ಚಾಲೂ ಆಗೈತಿ? ಒಂದ್ ಜಾಗಾ ಸರದೈತಿ. ಅದಕ್ಕ ಮುನಿಸ್ಕೊಂಡು ಕುಂತೈತಿ ನಿನ್ನ ಮಷೀನು."

ಒಂದೇ ಒಂದು ಖಾಲಿ ಜಾಗ. ಅದನ್ನು ಅಳಿಸಿದರೆ ಕೋಡು ಓಡುತ್ತಿತ್ತು. ಟೀಚರ್ ಸ್ಕೇಲನ್ನು ಗೆದ್ದ ಕತ್ತಿಯ ಹಾಗೆ ಚೀಲಕ್ಕೆ ಸೇರಿಸುತ್ತಿದ್ದರು.

ಆಗ ನಾನು ಅಕ್ಕಿಆಲೂರಿನಿಂದ ದಿನಾ ಬಸ್ಸಿನಲ್ಲಿ ಹಾನಗಲ್ಲಿಗೆ ಬಂದು, ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಅರ್ಜಿ ಎಂದು ಬೆಳಗಿನಿಂದ ಸಾಲು ಇರುತ್ತಿತ್ತು. ಒಂದು ಮಧ್ಯಾಹ್ನ ಟೀಚರ್ ಪೆನ್ ಡ್ರೈವ್ ಹಿಡಿದು ಬಂದರು.

"ಇದನ್ನ ಎರಡೂ ಬಾಜೂಕ ತಗದು ಕೊಡವಾ. ಪರದೆ ಮ್ಯಾಲೆ ಓದಿದ್ದು ನನ್ನ ತಲಿಗೆ ಇಳಿಯೂದಿಲ್ಲ."

ಹಾಳೆ ಮೇಲೆ ಹಾಳೆ ಹೊರಬಿತ್ತು. ಇಂಗ್ಲಿಷು, ನಡುನಡುವೆ ಅರ್ಥವಾಗದ ಚಿಹ್ನೆಗಳು. ಏನಿದು ಎಂದು ಕೇಳಿದೆ.

"ವೆಬ್‌ಸೈಟ್ ಕಟ್ಟೂ ಫ್ರೇಮ್‌ವರ್ಕ್ ಅಂತ. ಎಲ್ಲೆಲ್ಲಿದೋ ಮಂದಿ ಕೂಡಿ ಬರ್ದಾರ. ಯಾರು ಬೇಕಾದ್ರೂ ತಗೋರಿ, ಬಳಸ್ರಿ, ತಪ್ಪಿದ್ರ ತಿದ್ರಿ ಅಂತ ಬಿಟ್ಟಾರ. ಮೊದಲ್ನೇ ಪಾಠದಿಂದ ಕಲಿಯಾಕತ್ತೇನಿ."

ಅರವತ್ತು ದಾಟಿದವರಿಗೆ ಇದು ಯಾಕೆ ಬೇಕಾಯಿತು ಎಂಬ ಪ್ರಶ್ನೆ ನನ್ನ ಮುಖದಲ್ಲಿ ಕಂಡಿರಬೇಕು. ಅವರೇ ಹೇಳಿದರು. ಹಿಂದಿನ ವರ್ಷ ಅವರ ಯಜಮಾನರು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದರು. ಗಾಲಿಕುರ್ಚಿ, ವಾಕರ್, ಮಡಚುವ ಮಂಚ ಎಲ್ಲ ಮನೆಗೆ ಬಂದವು. ಈಗ ಅವರು ಸಂತೆಗೆ ನಡೆದೇ ಹೋಗುತ್ತಾರೆ. ಸಾಮಾನು ಅಟ್ಟದ ಮೇಲಿದೆ.

"ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಕೂ ತಾಲೂಕಿನ ಅಟ್ಟದ ಮ್ಯಾಲೆ ಇಂಥಾವು ಎಷ್ಟು ಧೂಳ ತಿನ್ನಾಕತ್ತಾವೋ! ಬೇಕಾದವ್ರು ಎಲ್ಲಿ ಸಿಗತೈತಿ ಅಂತ ಅಡ್ಡಾಡ್ತಾರ. ಇದ್ದವ್ರ ಹೆಸರು, ಬೇಕಾದವ್ರ ಹೆಸರು ಒಂದ ಪುಟದಾಗ ಕಂಡ್ರ ಸಾಕಲ್ಲ?"

ಆಮೇಲೆ ನನ್ನ ಕೈಗಳನ್ನೇ ನೋಡುತ್ತಾ ಹೇಳಿದರು: "ನೀ ಕೀಬೋರ್ಡ್ ನೋಡದ ಕನ್ನಡ ಟೈಪ್ ಮಾಡ್ತಿ. ನನಗ ಲೆಕ್ಕ ಬರತೈತಿ, ನಿನಗ ಕೈ ಓಡತೈತಿ. ಕೂಡಿ ಕಲಿಯೂಣು."

"ನಾ ಬಿ.ಎ. ಟೀಚರ್. ಇದೆಲ್ಲ ನನಗ ಹೆಂಗ ಬರತೈತ್ರಿ?"

"ನನಗೂ ಬರೂದಿಲ್ಲ. ಬರೂದಿಲ್ಲ ಅನ್ನಾವ್ರು ಇಬ್ರಾದ್ರ ಧೈರ್ಯ ಬರತೈತಿ."

ಅಂಗಡಿಯ ಮಾಲೀಕರು ಮೂಲೆಯ ಹಳೆಯ ಕಂಪ್ಯೂಟರನ್ನು ಮಧ್ಯಾಹ್ನ ಎರಡು ತಾಸು ನಮಗೆ ಬಿಟ್ಟುಕೊಟ್ಟರು. ಟೀಚರ್ ತವರು ಸವಣೂರು. ಅಲ್ಲಿನ ಹೆಸರುವಾಸಿ ಕುರುಕಲು ತಿಂಡಿ ಖಾರಾದ ಡಬ್ಬಿ ತಪ್ಪದೆ ತರುತ್ತಿದ್ದರು. ಆದರೆ ಕೀಬೋರ್ಡಿನ ಹತ್ತಿರ ತಿನ್ನುವಂತಿಲ್ಲ, ಕೈ ತೊಳೆಯದೆ ಮುಟ್ಟುವಂತಿಲ್ಲ. ಪಾಠದ ಸಾಲುಗಳನ್ನು ನಕಲು ಮಾಡಿ ಅಂಟಿಸುವಂತೆಯೂ ಇಲ್ಲ. "ಕಾಪಿ ಹೊಡದು ನನ್ನ ಕ್ಲಾಸಿನ್ಯಾಗ ಯಾರೂ ಪಾಸಾಗಿಲ್ಲ" ಎಂದು ಪ್ರತಿ ಅಕ್ಷರವನ್ನೂ ನನ್ನಿಂದಲೇ ಒತ್ತಿಸಿದರು.

ಮೊದಲ ದಿನ ಆ ಫ್ರೇಮ್‌ವರ್ಕನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೇ ಒಂದು ತಾಸು ಹೋಯಿತು. ಎರಡು ಸಲ ಕರೆಂಟು ಹೋಯಿತು. ಕೊನೆಗೆ ಪಾಠದಲ್ಲಿದ್ದ ಆಜ್ಞೆ ಕೊಟ್ಟು, ಬ್ರೌಸರಿನಲ್ಲಿ ವಿಳಾಸ ಹೊಡೆದಾಗ, ಎಲ್ಲ ಸರಿಯಾಗಿ ಕೂತಿದೆ ಎಂದು ಇಂಗ್ಲಿಷಿನಲ್ಲಿ ಅಭಿನಂದಿಸುವ ಒಂದು ಪುಟ ತೆರೆದುಕೊಂಡಿತು. ಟೀಚರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಝೆರಾಕ್ಸಿಗೆ ಕಾಯುತ್ತಿದ್ದ ಮಂದಿಯೂ ಯಾಕೆಂದು ಕೇಳದೆ ತಟ್ಟಿದರು.

"ಇದು ಅವ್ರು ಮಾಡಿದ ಪುಟ ಅಲ್ಲೇನ್ರೀ ಟೀಚರ್, ನಾವೇನ್ ಮಾಡೇವಿ?"

"ಅವ್ರು ಬಾಗ್ಲಾ ತಗದಾರ. ನಾವು ಹೊಚ್ಚಲ ದಾಟೇವಿ. ಸಾಲೂದಿಲ್ಲೇನು?"

ಆ ಸಂಜೆ ನಾನು ಹಿಗ್ಗಿ, ಧಾರವಾಡದಲ್ಲಿದ್ದ ಅಕ್ಕನಿಗೆ ಫೋನು ಮಾಡಿ ಆ ವಿಳಾಸ ಹೇಳಿದೆ. ಅಂಕಿ, ಚುಕ್ಕೆ ಎಲ್ಲ ಬರೆಸಿದೆ. ಅವಳು ಎಷ್ಟು ಸಲ ಹೊಡೆದರೂ ಏನೂ ಬರಲಿಲ್ಲ. ಮರುದಿನ ಟೀಚರಿಗೆ ಹೇಳಿದರೆ ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ವಿಳಾಸ ನಮ್ಮ ಕಂಪ್ಯೂಟರಿನೊಳಗೆ ಮಾತ್ರ ಕಾಣುವಂಥದ್ದು. "ನಾನೂ ಮೊನ್ನೆ ನನ್ನ ತಂಗಿಗೆ ಹಿಂಗ ಕಳಿಸಿದ್ದೆ" ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

ಕೆಂಪಕ್ಷರದಲ್ಲಿ ದೋಷ ಬಂದರೆ ಅವರಿಗೆ ಎಲ್ಲಿಲ್ಲದ ಉಮೇದಿ. "ಗಟ್ಟಿಯಾಗಿ ಓದು. ಕಡೀ ಸಾಲು ಮೊದ್ಲ ಓದು. ಪಾಪ, ಏನೋ ಹೇಳಾಕತ್ತೈತಿ ಅದು." ಹೀಗೆ ಓದುತ್ತಾ ಓದುತ್ತಾ ನನ್ನ ಇಂಗ್ಲಿಷೂ ಸುಧಾರಿಸಿತು. ಎರಡು ತಿಂಗಳಲ್ಲಿ ನಮ್ಮ ಪುಟ ತಯಾರಾಯಿತು: ಊರು, ಸಾಮಾನು, ಯಾರ ಹತ್ತಿರ ಇದೆ, ಖಾಲಿ ಇದೆಯೋ ಇಲ್ಲವೋ. ಟೀಚರ್ ನಾಲ್ಕು ತಾಲೂಕಿನ ಹಳೆಯ ವಿದ್ಯಾರ್ಥಿನಿಯರಿಗೆ ಫೋನು ಹಚ್ಚಿ ಮಾಹಿತಿ ಕೇಳುವುದು, ನಾನು ತುಂಬುವುದು. ಅರವತ್ತಕ್ಕೂ ಹೆಚ್ಚು ಮನೆಗಳ ವಿವರ ಸೇರಿತು.

ಆಗಲೇ ನಾನು ಎಡವಿದ್ದು. ಟೀಚರ್ ಇಲ್ಲದ ಒಂದು ದಿನ ಏನೋ ದೋಷ ಬಂತು. ಬೇಡದ ಫೈಲು ಎಂದುಕೊಂಡು ಒಂದನ್ನು ಅಳಿಸಿದೆ. ಮತ್ತೆ ಓಡಿಸಿದಾಗ ಪುಟವೇನೋ ಬಂತು, ಆದರೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ನಾನು ಅಳಿಸಿದ್ದು ಮಾಹಿತಿ ತುಂಬಿದ ಫೈಲನ್ನೇ. ನಕಲು ಎಲ್ಲಿಯೂ ಇರಲಿಲ್ಲ.

ಮರುದಿನ ಜ್ವರ ಎಂದು ಹೇಳಿ ಮನೆಯಲ್ಲೇ ಉಳಿದೆ. ಅದರ ಮರುದಿನವೂ. ಮೂರನೆಯ ದಿನ ಟೀಚರ್ ಬಸ್ಸು ಹಿಡಿದು ಅಕ್ಕಿಆಲೂರಿಗೇ ಬಂದುಬಿಟ್ಟರು. ಕೈಯಲ್ಲಿ ಜ್ವರದ ಗುಳಿಗೆ, ಮೋಸಂಬಿ.

"ಜ್ವರಾ ಯಾರಿಗ್ರಿ ಟೀಚರ್?" ಎಂದಳು ಅವ್ವ. "ಈಗಷ್ಟ ಮೂರು ರೊಟ್ಟಿ ತಿಂದಾಳ!"

ನನಗೆ ಅಳು ತಡೆಯಲಾಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಎರಡು ತಿಂಗಳ ಕೆಲಸ ಅವರ ಕಣ್ಣ ಮುಂದೆ ಹಾದುಹೋಗುತ್ತಿರಬೇಕು ಎಂದುಕೊಂಡು ನಾನು ತಲೆ ತಗ್ಗಿಸಿ ಕುಳಿತೆ.

"ನಕಲು ಇಟ್ಕೋರಿ ಅಂತ ಪಾಠದಾಗ ಬರ್ದಿತ್ತು. ಆ ಹಾಳಿ ನಾ ಓದದ ಹಾರಿಸಿದ್ದೆ. ಅಂದ್ರ ತಪ್ಪು ನಿಂದು ಅರ್ಧಾ, ನಂದು ಅರ್ಧಾ" ಎಂದರು. "ಆದ್ರ ಮೂರು ದಿನಾ ಹೇಳದ ಕುಂತಿಯಲ್ಲ, ಅದು ಪೂರಾ ನಿಂದ. ಏಳು, ಮುಖಾ ತೊಳಕೊಂಡು ಬಾ. ಫೋನ್ ನಂಬರ್ ನನ್ನ ಕಡೆ ಅದಾವ."

ಅವ್ವ ಚಹಾ ಮಾಡಿದಳು. ನಮ್ಮ ಪಡಸಾಲೆಯಲ್ಲೇ ಕುಳಿತು ಮೊದಲಿನಿಂದ ಫೋನು ಮಾಡತೊಡಗಿದೆವು. ಹಾಗೆ ಮಾಡಿದ್ದೇ ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ ಎರಡೇ ತಿಂಗಳಲ್ಲಿ ಸಂಗತಿ ಬದಲಾಗಿತ್ತು. ಶಿಗ್ಗಾವಿಯ ಒಬ್ಬರ ವಾಕರ್ ಆಗಲೇ ಬೀಗರ ಮನೆಗೆ ಹೋಗಿತ್ತು. ಸವಣೂರಿನ ರೇಷ್ಮಾ ಎಂಬವರು, "ನಮ್ಮ ಅಬ್ಬಾ ಈಗ ನಡೀತಾರ್ರಿ ಟೀಚರ್, ಗಾಲಿಕುರ್ಚಿ ಖಾಲಿ ಐತಿ, ಒಯ್ಯರಿ" ಎಂದರು. ಹಂಸಭಾವಿಯ ಗೌರವ್ವ ಎಂಬ ಅಜ್ಜಿಗೆ ಒಂದು ಗಾಲಿಕುರ್ಚಿ ಬೇಕು ಎಂದು ಅವರ ಸೊಸೆ ಹಿಂದಿನ ವಾರವಷ್ಟೇ ಟೀಚರಿಗೆ ಫೋನು ಮಾಡಿ ಕೇಳಿದ್ದಳು.

ಆ ಕುರ್ಚಿಯನ್ನು ನಾವಿಬ್ಬರೇ ಸವಣೂರಿನಿಂದ ಒಯ್ದೆವು. ಬಸ್ಸು ತುಂಬಿತ್ತು. "ಟೀಚರ್, ಕುಂದ್ರಾಕ ಸೀಟಿಲ್ರಿ" ಎಂದ ಕಂಡಕ್ಟರ್.

"ನನ್ನ ಸೀಟು ನಾನ ತಂದೇನಿ" ಎಂದವರೇ ಟೀಚರ್ ಹಿಂಬದಿಯಲ್ಲಿ ಗಾಲಿಕುರ್ಚಿ ಬಿಡಿಸಿ, ಬ್ರೇಕು ಹಾಕಿ, ಮಹಾರಾಣಿಯಂತೆ ಕುಳಿತುಬಿಟ್ಟರು. ಬಸ್ಸೆಲ್ಲ ನಕ್ಕಿತು. ತಿರುವಿನಲ್ಲಿ ನಾನು ಹಿಡಿಕೆ ಹಿಡಿದು ನಿಂತಿದ್ದೆ.

ಗೌರವ್ವ ತಿಂಗಳುಗಟ್ಟಲೆ ಹೊಸ್ತಿಲು ದಾಟಿರಲಿಲ್ಲ. ಮಗ, ಸೊಸೆ ಎತ್ತಿ ಕೂರಿಸಿದರು. ಎಲ್ಲಿಗೆ ಹೋಗಬೇಕು ಎಂದು ಕೇಳಿದಾಗ ಗುಡಿಗೆ ಎನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ.

"ಗಿರಣಿಗೆ ನಡೀರಿ" ಎಂದಳು ಮುದುಕಿ. "ಆ ಹಿಟ್ಟು ಬೀಸಾವನ ಕೂಡ ಮಾತಾಡೂದೈತಿ."

ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರು ಅವಳನ್ನು ಕಂಡು ಮುತ್ತಿಕೊಂಡರು. ಅವಳು ನೇರವಾಗಿ ಗಿರಣಿಯವನಿಗೆ, "ಏನೋ, ನಾ ಬರೂದಿಲ್ಲಂತ ದಪ್ಪ ಬೀಸಿ ಕಳಸ್ತಿಯೇನು?" ಎಂದು ಗದರಿದಳು. ಮೈಯೆಲ್ಲ ಹಿಟ್ಟಾಗಿದ್ದ ಅವನು ಕೈಮುಗಿದು ನಕ್ಕ. ಟೀಚರ್ ನನ್ನ ಭುಜ ಒತ್ತಿ ಹಿಡಿದಿದ್ದರು.

ಆಮೇಲೆ ಎಲ್ಲರಿಗೂ ಕಾಣುವಂತೆ ಅಂತರ್ಜಾಲಕ್ಕೆ ಏರಿಸಿದ ಆ ಪುಟ ಈಗಲೂ ನಡೆಯುತ್ತಿದೆ. ನಾನೇ ನೋಡಿಕೊಳ್ಳುತ್ತೇನೆ. ಟೀಚರ್ ಮತ್ತು ಅವರ ಯಜಮಾನರು ಸವಣೂರಿನಲ್ಲಿದ್ದ ತಂಗಿಯ ಮನೆಯ ಪಕ್ಕಕ್ಕೆ ವಾಸ ಬದಲಿಸಿದರು. ಹೋಗುವಾಗ ನನಗೊಂದು ಷರತ್ತು ಹಾಕಿದರು: "ಕೇಳಾಕ ಫೋನ್ ಮಾಡಬ್ಯಾಡ. ಹೊಸಾದು ಏನರ ಕಲ್ತಾಗ ಹೇಳಾಕ ಮಾಡು." ಹಾಗಾಗಿ ಫೋನು ಮಾಡುವ ಆಸೆಗೇ ನಾನು ವಾರಕ್ಕೊಂದಾದರೂ ಹೊಸದು ಕಲಿಯಬೇಕಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಅದಕ್ಕೆ ನಾಲ್ಕು ದಿನ ಮುಂಚೆ ಮಾತಾಡಿದ್ದೆ. 'ಹಾನಗಲ್' ಎಂದು ಹೊಡೆದರೂ 'ಹಾನಗಲ್ಲ' ಎಂದು ಹೊಡೆದರೂ ಒಂದೇ ಊರು ಹುಡುಕಿ ಕೊಡುವಂತೆ ಮಾಡಿದ್ದೇನೆ ಎಂದು ಹೇಳಿದೆ.

ಆ ಕಡೆಯಿಂದ ಅವರು ಏದುಸಿರು ಬಿಡುವುದು ಕೇಳಿಸಿತು. ಸುಸ್ತಾಗಿರಬೇಕು, ಇಟ್ಟುಬಿಡಲೇ ಎಂದುಕೊಂಡೆ.

"ಇದು ನನಗ ಗೊತ್ತಿಲ್ಲ" ಎಂದರು ಟೀಚರ್. ದನಿಯಲ್ಲಿ ಹುಡುಗಿಯ ಹಿಗ್ಗು. "ತಡಿ, ತಡಿ, ಪೆನ್ನು ತಗೊಂತೇನಿ. ಹಾಂ, ಈಗ ಹೇಳು. ಸಾವಕಾಶ ಹೇಳು, ಬರಕೊಂತೇನಿ."