ಹಸು ಎಲ್ಲಿ ಕಟ್ಟಿದ್ರಿ?

ನಮ್ಮ ಓವರ್‌ಸಿಯರರ ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಬಾಗಿತ್ತು. ರಸ್ತೆ, ಸೇತುವೆ ಕಟ್ಟಿಸುವ ಮರಾಮತ್ ಇಲಾಖೆಯಲ್ಲಿ ಮೂವತ್ತು ವರ್ಷ ಆ ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಓಡಾಡಿದ್ದರ ಫಲ. ನಿವೃತ್ತರಾಗಿ ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಪೆನ್ಸಿಲ್ಲು ಅಲ್ಲಿಂದ ಇಳಿಯಲಿಲ್ಲ.

ಆ ಭಾನುವಾರ ನಮ್ಮ ಜಗಲಿಯ ಮೇಲೆ ಮೂವರೇ ಇದ್ದೆವು. ಓವರ್‌ಸಿಯರರು, ನಾನು, ದೇವರಾಜ ಮೊಹಲ್ಲಾದಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ. ನಂಜನಗೂಡಿನಾಚೆ ಕಪಿಲೆಯ ದಡದಲ್ಲಿ ಜಮೀನು ಕೊಂಡು, ಪೇಟೆಯ ಸಂಸಾರಗಳು ರಜಕ್ಕೆ ಬಂದು ಇರಲು ಆರು ಕೋಣೆ ಕಟ್ಟಿಸಬೇಕೆಂದು ಮಾವನ ಹಟ. ಸಂಸಾರ ಸಮೇತ ಅಲ್ಲೇ ಇದ್ದು ನೋಡಿಕೊಳ್ಳಬೇಕಾದವನು ನಾನು, ನಕ್ಷೆ ಬರೆದು ರುಜು ಹಾಕಬೇಕಾದವರು ಓವರ್‌ಸಿಯರರು.

"ಕನ್ನಂಬಾಡಿ ಕಟ್ಟಿದ್ಮೇಲೆ ಹೊಳೆ ಭಯ ಎಲ್ಲಿದೆ ಓವರ್‌ಸಿಯರೇ?" ಎಂದರು ಮಾವ.

"ಕನ್ನಂಬಾಡಿ ಇರೋದು ಕಾವೇರಿಗೆ ಕಣ್ರೀ. ಇದು ಕಪಿಲೆ. ಇವಳಿಗೆ ಯಾರು ಕಟ್ಟೆ ಕಟ್ಟವ್ರೆ?"

ಮಾವ ಕಾಫಿ ಲೋಟ ಕೆಳಗಿಟ್ಟರು. ಆಗಿನ ಮೈಸೂರಿನಲ್ಲಿ ಬಹಳ ಜನ ಹಾಗೆಯೇ ತಿಳಿದಿದ್ದರು. ಒಂದು ಅಣೆಕಟ್ಟೆ ಎದ್ದಮೇಲೆ ಸೀಮೆಯ ಹೊಳೆಗಳೆಲ್ಲ ಪಳಗಿಬಿಟ್ಟವೆಂದು.

ಮರುವಾರ ಮೂವರೂ ಬಸ್ಸಿನಲ್ಲಿ ಹೋದೆವು. ಊರಿನ ಯಜಮಾನರು ದಡದಲ್ಲೇ ಕಾದಿದ್ದರು. "ನೀರು ಈ ಹೊಂಗೆಮರ ದಾಟಿದ್ದೇ ಇಲ್ಲ ಸ್ವಾಮಿ," ಎಂದರು. ಓವರ್‌ಸಿಯರರು ಗಂಡಸರೆಲ್ಲ ಗದ್ದೆಗೆ ಹೋಗುವವರೆಗೂ ಮರದಡಿ ಕೂತು ಚಿತ್ರಾನ್ನ ತಿಂದರು. ಆಮೇಲೆ ಎದ್ದು, ಮೊದಲ ಮನೆಯ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅವ್ವಾ, ದೊಡ್ಡ ನೀರು ಬಂದಾಗ ಹಸು ಎಲ್ಲಿ ಕಟ್ಟಿದ್ರಿ?"

"ಹಸಾನಾ? ಅಗೋ, ಆ ಬಸಪ್ಪನ ಗುಡಿ ಜಗಲಿ ಮ್ಯಾಲೆ. ಕರೂನ ನಾನೇ ಎತ್ಕಂಡ್ ಓದೆ ಕಣಪ್ಪ. ಆಗಿನ್ನೂ ನಾನು ಒಸಾ ಸೊಸೆ. ಮೂರು ದಿನ ಅಲ್ಲೇ ಇದ್ದೋ."

ಗುಡಿ ಇದ್ದದ್ದು ಹೊಂಗೆಮರದಿಂದ ಬಲು ಮೇಲೆ, ದಿಬ್ಬದ ನೆತ್ತಿಯಲ್ಲಿ. ಇನ್ನೂ ನಾಲ್ಕು ಮನೆಯಲ್ಲಿ ಅದೇ ಪ್ರಶ್ನೆ ಕೇಳಿದರು, ಅದೇ ಉತ್ತರ ಬಂತು.

"ನೀರು ಎಲ್ಲೀವರೆಗೆ ಬಂತು ಅಂತ ಕೇಳಬಾರದಪ್ಪ," ಎಂದರು ನನಗೆ. "ಜಮೀನು ಮಾರೋ ಊರಲ್ಲಿ ನೀರು ಯಾವಾಗಲೂ ಕಮ್ಮಿ. ಹಸು ಕಟ್ಟಿದ ಜಾಗದ ಬಗ್ಗೆ ಯಾರೂ ಸುಳ್ಳು ಹೇಳಲ್ಲ."

ಕಿವಿಯಿಂದ ಪೆನ್ಸಿಲ್ಲು ಇಳಿಯಿತು. ನಕ್ಷೆಯಲ್ಲಿ ಆರೂ ಕೋಣೆಗಳು ಗುಡಿಯ ಹಿಂದಕ್ಕೆ ಹೋದವು. ಮಾವ ಕೆಂಡವಾದರು.

"ಅಲ್ಲಿಂದ ಹೊಳೇನೇ ಕಾಣಲ್ವಲ್ರೀ! ಗುಡಿ ಗೋಡೆ ನೋಡಕ್ಕೆ ಯಾರು ಬರ್ತಾರೆ?"

"ಹೊಳೆ ನೋಡಕ್ಕೆ ಇಳಿದು ಬರಲಿ ಸ್ವಾಮಿ, ಕಾಲಿದೆ. ಮಲಗೋದು ಮಾತ್ರ ಮೇಲೆ."

"ನಿಮ್ಮ ರುಜು ಇಲ್ದೇನೂ ಮನೆ ಏಳ್ತವೆ."

"ಏಳ್ತವೆ. ಆದ್ರೆ ನೀರು ಬಂದ ರಾತ್ರಿ ಅಲ್ಲಿ ಮಲಗಿದ್ದ ಮಕ್ಕಳ ಹೆಸರು ನಾನು ಕೇಳಲ್ಲ, ನೀವೇ ಕೇಳ್ಕಳಿ."

ಎರಡು ತಿಂಗಳು ಇಬ್ಬರಿಗೂ ಮಾತಿರಲಿಲ್ಲ. ನಾನು ಪಕ್ಕದ ಮನೆಗೆ ಹೋಗಿ ಬಂದರೂ ಮಾವನ ಮುಖ ಗಂಟಿಕ್ಕುತ್ತಿತ್ತು. ಕೊನೆಗೆ ನಾನೇ ಹೇಳಿದೆ: ಕೋಣೆಗಳು ಕೆಳಗಾದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗುವುದಿಲ್ಲ. ಮಾವ ಸಿಡುಕುತ್ತಲೇ ಕೋಣೆಗಳನ್ನು ದಿಬ್ಬಕ್ಕೆ ಏರಿಸಿದರು. ತಮ್ಮ ಮಾತೂ ನಡೆಯಲೆಂದು ಊಟದ ಹಜಾರವನ್ನು ಮಾತ್ರ ಹೊಂಗೆಮರದ ಪಕ್ಕದಲ್ಲೇ ಕಟ್ಟಿಸಿದರು. ಓವರ್‌ಸಿಯರರು ಅದಕ್ಕೆ ಒಂದೇ ಮಾತು ಹೇಳಿದ್ದು: "ಊಟಕ್ಕೆ ಕೂತೋರು ಎದ್ದು ಓಡಬಹುದು."

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಗಲು ಕೊಟ್ಟ ನಾಲ್ವರಲ್ಲಿ ಮಾವನೂ ಒಬ್ಬರು.

ಅದಾಗಿ ಎರಡನೆಯ ಆಷಾಢದಲ್ಲಿ ಕಪಿಲೆ ಬಂದಳು. ಬೆಳಗ್ಗೆ ತಿಂಡಿಯ ಹೊತ್ತಿಗೆ ಊಟದ ಹಜಾರದ ಹೆಂಚು ಮಾತ್ರ ಕಾಣುತ್ತಿತ್ತು, ಮಧ್ಯಾಹ್ನಕ್ಕೆ ಅದೂ ಇಲ್ಲ. ಕೋಣೆಗಳಲ್ಲಿ ಹನ್ನೊಂದು ಜನ ಇದ್ದರು, ಅವರಲ್ಲಿ ನಾಲ್ಕು ಮಕ್ಕಳು. ನನ್ನ ಹೆಂಡತಿ ದಿಬ್ಬದ ಮೇಲಿನ ನಮ್ಮ ಮನೆಯ ಒಲೆಯಲ್ಲೇ ಎಲ್ಲರಿಗೂ ಗಂಜಿ ಕಾಯಿಸಿದಳು. ಮಾವ ದಿಬ್ಬದ ಅಂಚಿನಲ್ಲಿ ಕೊಡೆ ಹಿಡಿದು ನಿಂತವರು ಸಂಜೆಯವರೆಗೂ ಒಳಗೆ ಬರಲಿಲ್ಲ.

ನಾಲ್ಕನೆಯ ದಿನ ನೀರು ಇಳಿದು ರಸ್ತೆ ಬಿಟ್ಟಿತು. ಹನ್ನೊಂದು ಜನವೂ ಮೈಸೂರಿನ ಬಸ್ಸು ಹತ್ತಿದರು.