ಫಾರ್ಮ್ಯಾಟ್ ಮಾಡದ ರೀಸ್ಟಾರ್ಟ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪೊಂದು ಮಕಾಡೆ ಮಲಗಿದೆ. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅದರ ಮುಂದೆ ಕೂತವರು ಬಡಾವಣೆಗೆಲ್ಲ ‘ರೀಸ್ಟಾರ್ಟ್ ಅಕ್ಕ’. ಯಾರು ಫೋನ್ ಮಾಡಿದರೂ ಮೊದಲು “ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ” ಎನ್ನುವುದರಿಂದ ಅಂಟಿಕೊಂಡ ಹೆಸರು. ಅದಕ್ಕೂ ಬಗ್ಗದಿದ್ದರೆ ಮನೆಗೇ ಬರುತ್ತಾರೆ, ಜನ ಕೆಲಸಕ್ಕೆ ಕೂರುವ ಮೊದಲೇ. ಅವರ ಬಗ್ಗೆ ಬರೆಯಲೆಂದು ಇವತ್ತು ನಾನೂ ಜೊತೆಗೆ ಬಂದಿದ್ದೇನೆ.

ಈ ಮನೆಯ ಸೊಸೆ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು. ವಾರದಿಂದ ಬೆಳಗಿನ ಮೀಟಿಂಗ್ ನಡುವೆ ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗುತ್ತಿದೆ. ಮತ್ತೆ ಹಾಕಿದರೆ ನೀಲಿ ಪರದೆ, ಅದರಲ್ಲಿ ‘ಸಿಸ್ಟಂ ಎರರ್’.

“ಇವತ್ತೂ ಮಧ್ಯದಲ್ಲಿ ಮಾಯ ಆದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದಿದ್ದಾರೆ ಅಕ್ಕ.” ಸೊಸೆ ಗಡಿಯಾರ ನೋಡುತ್ತಾರೆ.

ಬಾಗಿಲಿಗೆ ಒರಗಿದ ಗಂಡ, “ಇವಳು ಸ್ಕ್ರೀನ್ ಮೇಲೆ ಒಟ್ಟಿಗೆ ಹತ್ತಾರು ಕಿಟಕಿ ತೆಗೆದಿಟ್ಕೋತಾಳೆ, ಅದಕ್ಕೇ. ಅಂಗಡಿಯವರು ಫಾರ್ಮ್ಯಾಟ್ ಮಾಡ್ಬಿಡಿ ಅಂದ್ರು” ಎನ್ನುತ್ತಾರೆ.

ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು. ಆ ಪದ ಕಿವಿಗೆ ಬಿದ್ದರೆ ಅಕ್ಕನಿಗೆ ಮೈ ಉರಿಯುತ್ತದೆ. ತಮ್ಮ ಗಂಡ ತೀರಿಕೊಂಡ ಮೇಲೆ ಅವರು ಮನೆಯಲ್ಲೇ ಟೈಪಿಂಗ್ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ಲ್ಯಾಪ್‌ಟಾಪ್ ಕೈಕೊಟ್ಟಾಗ ರಿಪೇರಿಯವನು ಕೇಳದೆಯೇ ಫಾರ್ಮ್ಯಾಟ್ ಮಾಡಿದ. ಟೈಪ್ ಮಾಡಿ ಮುಗಿಸಿದ್ದ ಒಂದಿಡೀ ಪುಸ್ತಕ ಗುಡಿಸಿ ಗುಂಡಾಂತರವಾಯಿತು.

“ಆವತ್ತೆಲ್ಲಾ ಅಳ್ತಾ ಕೂತಿದ್ದೆ. ಮಾರನೇ ದಿನ ಸಿಟ್ಟು ಬಂತು. ಹಳೇ ಲ್ಯಾಪ್‌ಟಾಪ್ ತಂದು ಬಿಚ್ಚಿ ಕಲ್ತೆ. ಬಿಚ್ಚೋದೇನು, ಸುಲಭ. ಜೋಡಿಸಿದ್ಮೇಲೆ ಪ್ರತಿ ಸಲ ಒಂದು ಸ್ಕ್ರೂ ಉಳ್ಕೊಂಡ್ಬಿಡೋದು!”

ಈಗ ದಿನಕ್ಕೆ ಮೂರೋ ನಾಲ್ಕೋ ಮನೆ. ಮೊದಲು ಫೈಲುಗಳನ್ನು ಬೇರೆ ಡ್ರೈವ್‌ಗೆ ಇಳಿಸಿಕೊಳ್ಳುತ್ತಾರೆ. ಎರರ್ ಏಕೆ ಬಂತೆಂದು ಸಿಸ್ಟಂನಲ್ಲೇ ಓದುತ್ತಾರೆ. ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. “ಯಾರು ಮಾಡಿದ್ದು ಅಂತ ಕೇಳಿದ್ರೆ ಒಬ್ರೂ ಬಾಯಿ ಬಿಡಲ್ಲ. ಏನಾಯ್ತು ಅಂತ ಕೇಳ್ಬೇಕು.”

ಸೊಸೆಯ ಲ್ಯಾಪ್‌ಟಾಪ್ ಪ್ರತಿ ಸಲವೂ ಬಿಸಿ ಹೆಚ್ಚಾಗಿ ಆರಿದೆ. ರಾತ್ರಿ ಆಫ್ ಮಾಡುತ್ತೀರಾ ಎಂದರೆ, ಸೊಸೆ “ಇಲ್ಲ, ಹಾಗೇ ಬಿಡ್ತೀನಿ” ಎನ್ನುತ್ತಾರೆ. ಅಕ್ಕ ತಳದ ಮುಚ್ಚಳ ಬಿಚ್ಚುತ್ತಾರೆ. ಒಳಗಿನ ಪುಟ್ಟ ಫ್ಯಾನಿಗೆ ಗುಲಾಬಿ ಬಣ್ಣದ ಎಳೆಗಳು ಸುತ್ತಿಕೊಂಡಿವೆ. ಕಿಟಕಿಯ ಬಳಿ ಅತ್ತೆ ಉಲ್ಲನ್ ಹೆಣೆಯುತ್ತ ಕೂತಿದ್ದಾರೆ, ಅದೇ ಗುಲಾಬಿ ಬಣ್ಣದ್ದು. ಅವರ ಕಡ್ಡಿಗಳು ನಿಂತುಬಿಟ್ಟಿವೆ.

ಬಾಯಿ ತೆರೆಯಲು ಹೊರಟ ನನ್ನನ್ನು ಅಕ್ಕ ಕಣ್ಣಲ್ಲೇ ಸುಮ್ಮನಾಗಿಸುತ್ತಾರೆ. ಎಳೆಗಳನ್ನು ಬಿಡಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡು, “ಅಮ್ಮಾ, ಸ್ವಲ್ಪ ಕುಡಿಯೋಕೆ ನೀರು” ಎಂದು ಅತ್ತೆಯ ಹಿಂದೆ ಅಡುಗೆಮನೆಗೆ ಹೋಗುತ್ತಾರೆ. ನಾನೂ ಹಿಂಬಾಲಿಸುತ್ತೇನೆ.

“ಧೂಳು ಕೂರದಿರ್ಲಿ ಅಂತ ಒಂದು ಕವರ್ ಹೆಣೆದೆ,” ಅತ್ತೆ ಪಿಸುಗುಡುತ್ತಾರೆ. “ಚೆನ್ನಾಗಿಲ್ಲ ಅಂದ್ಬಿಟ್ರೆ ಅಂತ ರಾತ್ರಿ ಹೊದಿಸಿ, ಅವಳು ಏಳೋ ಮುಂಚೆ ತೆಗ್ದಿಡ್ತಿದ್ದೆ. ನನ್ನಿಂದ ಅವಳ ಕೆಲಸ ಹೋಗುತ್ತೇನಮ್ಮಾ?”

“ಎಲ್ಲಿ ಹೋಗುತ್ತೆ? ಆನ್ ಇರುವಾಗ ಹೊದಿಸ್ಬೇಡಿ, ಅಷ್ಟೇ. ಫ್ಯಾನು ಎಳೆಗಳನ್ನ ಒಳಗೆ ಎಳ್ಕೊಂಡ್ಬಿಡುತ್ತೆ. ಅದಕ್ಕೂ ಸೆಕೆ ಆಗುತ್ತಲ್ಲ!”

ಹೊರಬಂದು ಅಕ್ಕ ಹೇಳುವುದಿಷ್ಟೇ: “ಫ್ಯಾನಿಗೆ ಕಸ ಕಟ್ಟಿತ್ತು. ರಾತ್ರಿ ಆಫ್ ಮಾಡಿ ಮಲಗಿ. ಕಿಟಕಿ ಎಷ್ಟು ಬೇಕಾದ್ರೂ ತೆಗೀಬಹುದು.” ಗಂಡ ಗೋಡೆ ನೋಡುತ್ತಾರೆ.

ಸೊಸೆ ಲ್ಯಾಪ್‌ಟಾಪ್ ಹಿಡಿದು ಕೋಣೆ ಸೇರುತ್ತಾರೆ, ಮೀಟಿಂಗ್ ಶುರುವಾಗುತ್ತದೆ. ಮುಚ್ಚಿದ ಬಾಗಿಲ ಈಚೆ ಅತ್ತೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕ ಬೇರೆ ಮನೆಗೆ ತಡವಾದರೂ ಆಗಲಿ ಎಂದು ಜೊತೆಗೇ ಇದ್ದಾರೆ. ಕೊನೆಗೆ ಬಾಗಿಲು ತೆರೆದು ಸೊಸೆ ನಗುತ್ತ ಬರುತ್ತಾರೆ. “ಒಂದ್ಸಲಾನೂ ಆರಲಿಲ್ಲ! ಕಸಕ್ಕೇ ಇಷ್ಟೆಲ್ಲಾ ಆಗಿದ್ದಾ ಅಕ್ಕ?”

ಅಕ್ಕ ತಲೆಯಾಡಿಸುವಷ್ಟರಲ್ಲಿ, “ಕಸ ಅಲ್ಲ ಕಣಮ್ಮ, ನನ್ನ ಉಲ್ಲನ್ನು” ಎನ್ನುತ್ತಾರೆ ಅತ್ತೆ. ಒಳಗೆ ಹೋಗಿ ಕವರ್ ತಂದು ಸೊಸೆಯ ಕೈಗಿಡುತ್ತಾರೆ. ಮೂಲೆಯಲ್ಲೊಂದು ಪುಟ್ಟ ಬಿಳಿ ಹೂವೂ ಇದೆ.

ಸೊಸೆ ಹೂವಿನ ಮೇಲೆ ಬೆರಳಾಡಿಸುತ್ತಾರೆ. “ಇಷ್ಟು ಚೆನ್ನಾಗಿರೋದನ್ನ ಯಾಕೆ ಬಚ್ಚಿಟ್ರಿ ಅತ್ತೆ?”

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಅತ್ತೆ, “ಬರೀರಿ. ಹೂವಿದೆ ಅಂತಾನೂ ಬರೀರಿ” ಎನ್ನುತ್ತಾರೆ.

ಮೆಟ್ಟಿಲಿಳಿಯುವಾಗ ಅಕ್ಕನನ್ನು ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯೇ?

“ಇತ್ತು, ಈಗಷ್ಟೇ ಅಮ್ಮನ ಹತ್ರ ಕೇಳ್ಕೊಂಡೆ. ನನ್ನ ಸ್ಕ್ರೂಡ್ರೈವರ್‌ಗಳಿಗೂ ಒಂದು ಕವರ್ ಹೆಣೆದುಕೊಡ್ತಾರಂತೆ,” ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. “ಅವು ಬಿಸಿ ಆಗಲ್ಲ. ಹೊದ್ಕೊಂಡು ಮಲಗ್ಲಿ.”